ಅನಂತಪುರದ ರೈತನಿಗೆ ಆ್ಯಪ್ ಬರೆಯುವವರು ಯಾರು?

ಅಥಣಿ ತಾಲ್ಲೂಕಿನ ಅನಂತಪುರದಂಥ ಗಡಿಯೂರಿನಲ್ಲಿ ಕಬ್ಬನ್ನೋ ದ್ರಾಕ್ಷಿಯನ್ನೋ ಬೆಳೆಯುವ ರೈತನಿಗೆ ವರ್ಷವೊಂದರಲ್ಲಿ ಸರ್ಕಾರದ ಎಷ್ಟು ಗಣಕ ವ್ಯವಸ್ಥೆಗಳೊಂದಿಗೆ ಕೆಲಸ ಬೀಳುತ್ತದೆ ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ಉತಾರ ಬೇಕೆಂದರೆ ‘ಭೂಮಿ’. ಸಹಾಯಧನ, ಬೆಂಬಲ ಬೆಲೆ, ಬೆಳೆಸಾಲಕ್ಕೆ ‘ಫ್ರೂಟ್ಸ್’ ಗುರುತಿನ ಸಂಖ್ಯೆ. ಹೊಲದಲ್ಲಿ ಏನು ಬೆಳೆದಿದೆ ಎಂದು ದಾಖಲಿಸಲು ಬೆಳೆ ಸಮೀಕ್ಷೆಯ ಆ್ಯಪ್, ದಾಖಲಾದದ್ದು ಸರಿಯೇ ಎಂದು ನೋಡಲು ‘ಬೆಳೆ ದರ್ಶಕ’. ವಿಮೆಗೆ ‘ಸಂರಕ್ಷಣೆ’, ಹಾನಿಯಾದರೆ ‘ಪರಿಹಾರ’, ಸರ್ವೆ ನಂಬರಿನ ಗಡಿ ತಿಳಿಯಲು ‘ದಿಶಾಂಕ್’. ಒಂದೊಂದೂ ಅದರದರ ಕೆಲಸ ಮಾಡುತ್ತದೆ. ಕೆಲವಂತೂ ದೇಶಕ್ಕೇ ಮಾದರಿಯಾದವು. ಆದರೆ ಇವೆಲ್ಲವನ್ನೂ ಒಟ್ಟಿಗೆ ತಂದು, ‘ನಿನ್ನ ಊರಲ್ಲಿ ಈ ವಾರ ಇಷ್ಟು ಮಳೆಯಾಗಿದೆ, ನಿನ್ನ ಬೆಳೆಯನ್ನು ತಪ್ಪಾಗಿ ದಾಖಲಿಸಿದ್ದಾರೆ, ವಿಮೆಗೆ ನಾಡಿದ್ದೇ ಕೊನೆಯ ದಿನ, ಕಾರ್ಖಾನೆ ಉಳಿಸಿಕೊಂಡ ಬಾಕಿಗೆ ಇಷ್ಟು ಬಡ್ಡಿ ಸೇರಬೇಕು’ ಎಂದು ಕನ್ನಡದಲ್ಲಿ, ಬೇಕಿದ್ದವರಿಗೆ ಮರಾಠಿಯಲ್ಲಿ ಹೇಳುವ ಒಂದು ಆ್ಯಪ್ ರೈತನ ಕೈಗೆ ಬಂದಿಲ್ಲ. ಜಗತ್ತಿಗೇ ಸಾಫ್ಟ್‌ವೇರ್ ಬರೆದುಕೊಡುವ ಲಕ್ಷಾಂತರ ಮಂದಿ ಇರುವ ರಾಜ್ಯದಲ್ಲಿ, ಚಿಕ್ಕೋಡಿ ನಿಪ್ಪಾಣಿಗಳಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿರುವ ಸೀಮೆಯಲ್ಲಿ ಅದು ಯಾಕೆ ಬರಲಿಲ್ಲ?

ಹಳ್ಳಿಯ ಬಗ್ಗೆ ಎಂಜಿನಿಯರುಗಳಿಗೆ ಕಾಳಜಿಯಿಲ್ಲ ಎಂದು ಕೆಲವರು ಬೈಯುತ್ತಾರೆ. ರೈತರ ಆ್ಯಪ್‌ನಲ್ಲಿ ಕಾಸು ಹುಟ್ಟುವುದಿಲ್ಲ ಎಂದು ಇನ್ನು ಕೆಲವರು ಕೈ ಚೆಲ್ಲುತ್ತಾರೆ. ಎರಡರಲ್ಲೂ ಸ್ವಲ್ಪ ನಿಜವಿದೆ, ಮುಖ್ಯ ಕಾರಣ ಮಾತ್ರ ಬೇರೆ. ಕರ್ನಾಟಕದಲ್ಲಿ ಮಾಹಿತಿಗೆ ಬರವಿಲ್ಲ, ಅದನ್ನು ಬಳಸಬಲ್ಲವರಿಗೂ ಬರವಿಲ್ಲ. ಇವೆರಡರ ನಡುವೆ ಇರಬೇಕಾದ ಬಾಗಿಲನ್ನು ನಾವು ಕಟ್ಟಿಲ್ಲ. ಇಲಾಖೆಗಳು ತಮ್ಮ ತಮ್ಮ ಆ್ಯಪ್‌ಗಳನ್ನು ತಾವೇ ಕಟ್ಟಿಕೊಂಡವು. ಹೊರಗಿನ ಡೆವಲಪರ್ ಬಂದು ಕೆಲಸ ಮಾಡಬಹುದಾದ ವೇದಿಕೆಯನ್ನು, ಅಂದರೆ ಆ್ಯಪ್‌ಗಳು ನಿಲ್ಲುವ ನೆಲವನ್ನು, ಕಟ್ಟಲಿಲ್ಲ. ಇನ್ನು ಮುಂದೆ ಸರ್ಕಾರ ಆ್ಯಪ್ ಮಾಡುವುದನ್ನು ಕಡಿಮೆ ಮಾಡಿ, ಆ್ಯಪ್ ಮಾಡುವವರನ್ನು ಕರೆತರುವ ಕೆಲಸ ಹಿಡಿಯಬೇಕು. ಕರೆದರೆ ಸಾಲದು, ಅವರು ಬಂದು ನಿಲ್ಲುವಂತೆ ಮಾಡಬೇಕು. ಅದು ಬಹುಮಾನದಿಂದ ಆಗುವುದಿಲ್ಲ, ನಂಬಿಕೆಯಿಂದ ಆಗುತ್ತದೆ.

ಎಲ್ಲವನ್ನೂ ತಾನೇ ಮಾಡುವ ದಾರಿಯನ್ನು ರಾಜ್ಯ ಆಗಲೇ ಒಮ್ಮೆ ಹಿಡಿದು ನೋಡಿದೆ. 2014ರ ಡಿಸೆಂಬರ್ 8ರಂದು ಬೆಂಗಳೂರಿನಲ್ಲಿ ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರು ‘ಕರ್ನಾಟಕ ಮೊಬೈಲ್ ಒನ್’ ಉದ್ಘಾಟಿಸಿದಾಗ ಉದ್ದೇಶ ದೊಡ್ಡದಾಗಿತ್ತು. ವಿದ್ಯುತ್ ಬಿಲ್ಲಿನಿಂದ ಹಿಡಿದು ತೆರಿಗೆಯವರೆಗೆ ಸರ್ಕಾರದ್ದೂ ಖಾಸಗಿಯದೂ ಸೇರಿ ಸಾವಿರಾರು ಸೇವೆಗಳು ಒಂದೇ ಆ್ಯಪ್‌ನಲ್ಲಿ ಸಿಗಬೇಕಿತ್ತು. ಸಾಮಾನ್ಯ ಫೋನಿನವರಿಗೂ ಎಸ್‌ಎಂಎಸ್ ಮತ್ತು ಕರೆಯ ಮೂಲಕ ದಾರಿ ಮಾಡಿದ್ದರು. ಯೋಜನೆಗೆ ಹೊರದೇಶದಲ್ಲೂ ಹೆಸರು ಬಂತು. ಇವತ್ತು ಅದನ್ನು ನೆನಪಿಟ್ಟುಕೊಂಡಿರುವವರು ವಿರಳ. ಎಲ್ಲರಿಗೂ ಎಲ್ಲವನ್ನೂ ಒಂದೇ ಕಡೆಯಿಂದ ಕೊಡಲು ಹೊರಟರೆ ಯಾರಿಗೂ ಏನೂ ಚೆನ್ನಾಗಿ ಸಿಗುವುದಿಲ್ಲ. ಯಾದಗಿರಿಯ ತೊಗರಿ ಬೆಳೆಗಾರ, ಸಿರಸಿಯ ಅಡಿಕೆ ಬೆಳೆಗಾರ, ಅನಂತಪುರದ ಕಬ್ಬಿನವ, ಈ ಮೂವರ ಅಗತ್ಯವನ್ನೂ ಬೆಂಗಳೂರಿನ ಒಂದು ಕೊಠಡಿಯಲ್ಲಿ ಕೂತ ಒಂದು ತಂಡ ಊಹಿಸಲಾರದು. ಗುತ್ತಿಗೆಯ ಅವಧಿ ಮುಗಿಯಿತು, ಅಧಿಕಾರಿ ವರ್ಗವಾದರು ಎಂದರೆ ಆ್ಯಪ್ ಅಲ್ಲಿಗೇ ನಿಲ್ಲುತ್ತದೆ. ದೋಷ ಆ ತಂಡದ್ದಲ್ಲ, ಆ ವಿಧಾನದ್ದು.

ಹಾಗಾದರೆ ಹೊರಗಿನವರು ಬರುವುದು ಯಾವ ಆಸೆಗೆ? ಇದಕ್ಕೆ ಉತ್ತರ ಹುಡುಕಲು ಮೊಬೈಲ್ ಫೋನಿನ ಇತಿಹಾಸಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. 2007ರಲ್ಲಿ ಬಂದ ಮೊದಲ ಐಫೋನಿನಲ್ಲಿ ಹೊರಗಿನವರ ಆ್ಯಪ್‌ಗೆ ಜಾಗವೇ ಇರಲಿಲ್ಲ. 2008ರ ಜುಲೈ 10ರಂದು ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದಾಗ ಅದರಲ್ಲಿದ್ದದ್ದು ಸುಮಾರು 500 ಆ್ಯಪ್. ಬರೆಯಲು ಸಲಕರಣೆ, ಓದಲು ಕೈಪಿಡಿ, ಮಾರಲು ಅಂಗಡಿ, ಇಂತಿಷ್ಟು ಪಾಲೆಂಬ ನಿಯಮ, ಇವು ನಾಲ್ಕೂ ಒಟ್ಟಿಗೆ ಸಿಕ್ಕಿದ್ದರಿಂದ ಒಬ್ಬೊಂಟಿ ಹುಡುಗನೂ ಮನೆಯಲ್ಲಿ ಕೂತು ಆ್ಯಪ್ ಮಾಡಿ ಜಗತ್ತಿಗೆ ಮಾರುವಂತಾಯಿತು. ಅದೇ ಹೊತ್ತಿನಲ್ಲಿ ನೋಕಿಯಾದ ಸಿಂಬಿಯನ್ ಸ್ಮಾರ್ಟ್‌ಫೋನುಗಳು ಮಾರುಕಟ್ಟೆಯನ್ನು ಆಳುತ್ತಿದ್ದವು. ಬಳಕೆದಾರರ ಸಂಖ್ಯೆಯಲ್ಲಿ ಅದನ್ನು ಮೀರಿಸುವವರಿರಲಿಲ್ಲ. ಆದರೆ ಅದಕ್ಕೆ ಆ್ಯಪ್ ಬರೆಯುವವನಿಗೆ ಒಂದು ಮಾದರಿಯ ಫೋನಿನಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡುತ್ತಿರಲಿಲ್ಲ, ಆ್ಯಪ್‌ಗೆ ಡಿಜಿಟಲ್ ಸಹಿ ಹಾಕಿಸಿಕೊಳ್ಳುವ ಪ್ರಕ್ರಿಯೆಯೇ ದೊಡ್ಡ ಅಡೆತಡೆಯಾಗಿತ್ತು. ಜನ ಇದ್ದರೂ ಬಾಗಿಲು ಕಿರಿದಾದರೆ ಡೆವಲಪರ್ ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಣ ಕೊಟ್ಟು ಕರೆದವರೂ ಇದ್ದಾರೆ. ಬ್ಲ್ಯಾಕ್‌ಬೆರಿ ತನ್ನ ಹೊಸ ಫೋನನ್ನು 2013ರ ಜನವರಿಯಲ್ಲಿ ಹೊರತರುವ ಮೊದಲು, ಗುಣಮಟ್ಟದ ಆ್ಯಪ್ ಬರೆದು ಒಂದು ಸಾವಿರ ಡಾಲರ್ ಗಳಿಸಿದವರಿಗೆ ಮೊದಲ ವರ್ಷದ ಗಳಿಕೆ ಹತ್ತು ಸಾವಿರ ಡಾಲರ್‌ಗೆ ಏನು ಕಡಿಮೆಯಾದರೂ ತುಂಬಿಕೊಡುವುದಾಗಿ ಹೇಳಿತು. ಅದೇ ವರ್ಷ ಮೈಕ್ರೊಸಾಫ್ಟ್ ತನ್ನ ವಿಂಡೋಸ್ ಮತ್ತು ವಿಂಡೋಸ್ ಫೋನ್ ಅಂಗಡಿಗಳಿಗೆ ಬಂದ ಪ್ರತಿ ಹೊಸ ಆ್ಯಪ್‌ಗೆ ನೂರು ಡಾಲರ್ ಘೋಷಿಸಿತು. ನೂರು ಡಾಲರ್‌ಗೆ ನೂರು ಡಾಲರ್ ಬೆಲೆಯ ಆ್ಯಪ್‌ಗಳೇ ಬರುತ್ತವೆ. ಎರಡೂ ಫೋನುಗಳು ಕೆಲವೇ ವರ್ಷಗಳಲ್ಲಿ ಕಣ್ಮರೆಯಾದವು. ನಮ್ಮ ಸರ್ಕಾರಗಳಿಗೂ ಹ್ಯಾಕಥಾನ್ ಎಂದರೆ ಬಲು ಪ್ರೀತಿ. ಎರಡು ದಿನ ನಿದ್ದೆಗೆಟ್ಟು ಬರೆದ ಆ್ಯಪ್‌ಗೆ ಚೆಕ್, ಹಾರ, ಫೋಟೊ ಸಿಗುತ್ತವೆ. ಮೂರನೆಯ ದಿನ ಅದಕ್ಕೆ ಬೇಕಾದ ನಿಜವಾದ ಮಾಹಿತಿ ಎಲ್ಲಿಂದ ಬರಬೇಕು ಎಂದು ಕೇಳಿದರೆ ಉತ್ತರಿಸುವವರಿಲ್ಲ. ರಾಜ್ಯದ ‘ಎಲಿವೇಟ್’ ಯೋಜನೆ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ, ಅದು ಒಳ್ಳೆಯದೇ. ಆದರೆ ಆ ಹಣದಿಂದ ಕೃಷಿ ಆ್ಯಪ್ ಮಾಡಹೊರಟವನಿಗೆ ಸರ್ಕಾರದ ಇನ್ನೊಂದು ಇಲಾಖೆಯ ಬಾಗಿಲೇ ಮುಚ್ಚಿದ್ದರೆ ಕೊಟ್ಟ ದುಡ್ಡು ವ್ಯರ್ಥ.

ಹಣಕ್ಕೆ ಬರದವರು ಯಾವುದಕ್ಕೆ ಬಂದರು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 2016ರ ಏಪ್ರಿಲ್ 11ರಂದು ಯುಪಿಐ ಪ್ರಾಯೋಗಿಕವಾಗಿ ಶುರುವಾದಾಗ ಅದರ ಜೊತೆ ಇದ್ದದ್ದು 21 ಬ್ಯಾಂಕುಗಳು. ಅದನ್ನು ರೂಪಿಸಿದ ರಾಷ್ಟ್ರೀಯ ಪಾವತಿ ನಿಗಮ ತನ್ನದೇ ಆ್ಯಪ್ ಒಂದನ್ನು, ಭೀಮ್ ಅನ್ನು, ಆ ವರ್ಷದ ಕೊನೆಗೆ ಬಿಟ್ಟಿತು. ಆದರೆ ಭೀಮ್ ಒಂದರಿಂದಲೇ ದೇಶವಿಡೀ ಕ್ಯೂಆರ್ ಫಲಕ ಬರಲಿಲ್ಲ. ಹಣ ಯಾವ ರೀತಿ ಹೋಗಬೇಕು, ಸಂದೇಶದ ರೂಪ ಹೇಗಿರಬೇಕು, ತಪ್ಪಾದರೆ ಯಾರು ಹೊಣೆ ಎಂಬ ನಿಯಮಗಳನ್ನು ಬರೆದಿಟ್ಟು, ಬ್ಯಾಂಕಿನ ಮೂಲಕ ಯಾರು ಬೇಕಾದರೂ ಸೇರಬಹುದು ಎಂದದ್ದರಿಂದ ಬಂತು. ಬೆಂಗಳೂರಿನ ಫೋನ್‌ಪೇ ಆ ನೆಲದ ಮೇಲೆಯೇ ಬೆಳೆದದ್ದು. 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ವೇದಿಕೆಯ ಒಡೆಯನ ಸ್ವಂತ ಆ್ಯಪ್ ಹಿಂದೆ ಉಳಿದರೂ ವೇದಿಕೆ ಗೆದ್ದಿತು. ಇಲಾಖೆಯ ಆ್ಯಪ್‌ನ ಡೌನ್‌ಲೋಡ್ ಸಂಖ್ಯೆಯನ್ನೇ ಸಾಧನೆ ಎಂದು ವರದಿಯಲ್ಲಿ ಬರೆಯುವ ಅಧಿಕಾರಿಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನೊಂದು ಉದಾಹರಣೆ ಚಿಕ್ಕದು, ಕನ್ನಡಿಗರಿಗೆ ಹತ್ತಿರದ್ದು. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಅಂತರಜಾಲಕ್ಕೆ ಬಂತು. ಸುಮಾರು ಒಂದೂವರೆ ಲಕ್ಷ ಪದಗಳ ಆ ಸಂಪತ್ತನ್ನು ನೋಡಲು ಬಿಟ್ಟದ್ದಷ್ಟೇ ಅಲ್ಲ, ಇಡೀ ಕೋಶವನ್ನು ಯಂತ್ರ ಓದಬಲ್ಲ ರೂಪದಲ್ಲಿ, ಯಾರು ಹೇಗೆ ಬಳಸಬಹುದೆಂದು ಸ್ಪಷ್ಟವಾಗಿ ಹೇಳುವ ಮುಕ್ತ ಪರವಾನಗಿಯಡಿ ಕೊಟ್ಟರು. ಅದನ್ನು ಎತ್ತಿಕೊಂಡು ತಮ್ಮ ಓದುಗ ಸಾಧನಗಳಿಗೆ ಹೊಂದಿಸಿಕೊಂಡವರು ಯಾರ ಕಚೇರಿಗೂ ಅರ್ಜಿ ಹಾಕಬೇಕಾಗಲಿಲ್ಲ, ಬಹುಮಾನವನ್ನೂ ಕೇಳಲಿಲ್ಲ. ಮಾಹಿತಿ ಪೂರ್ಣವಾಗಿದೆ, ಪರವಾನಗಿ ನಾಳೆ ಬದಲಾಗದು ಎಂಬ ಎರಡೇ ಭರವಸೆ ಸಾಕಾಯಿತು. ನಮ್ಮ ವಿಶ್ವವಿದ್ಯಾಲಯಗಳ, ಅಕಾಡೆಮಿಗಳ ಎಷ್ಟು ನಿಘಂಟುಗಳು ಪಿಡಿಎಫ್‌ನೊಳಗೆ ಚಿತ್ರವಾಗಿ ಕೂತಿವೆ ಎಂದು ನೆನೆದರೆ ನಿಜಕ್ಕೂ ನೋವಾಗುತ್ತದೆ.

ಈಗ ಅನಂತಪುರಕ್ಕೆ ಮರಳೋಣ. ನಿಪ್ಪಾಣಿಯ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಗಡಿಭಾಗದ ರೈತರಿಗಾಗಿ ಆ್ಯಪ್ ಮಾಡಲು ಕೂತರು ಎಂದಿಟ್ಟುಕೊಳ್ಳಿ. ಭೂಮಿ ಯೋಜನೆ ಇವರಿಗೆ ಕಾಣುವುದು ಹೇಗೆ? 2002ರ ಹೊತ್ತಿಗೆ ಕೈಬರಹದ ಪಹಣಿಯನ್ನು ನಿಲ್ಲಿಸಿ, 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ಮಹಾ ಸಾಹಸ ಅದು; ತಲಾಠಿಯ ಮುಂದೆ ಕೈಕಟ್ಟಿ ನಿಲ್ಲುವ ಕಾಲವನ್ನು ಕೊನೆಗೊಳಿಸಿದ ಕೀರ್ತಿ ಅದಕ್ಕಿದೆ. ಜಾಲತಾಣ ತೆರೆದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಬೇಕು. ಅನಂತಪುರ ಎಂಬ ಹೆಸರೇ ಒಂದು ಕಡೆ ಅನಂತಪೂರ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತ. ಆಂಧ್ರದ ಅನಂತಪುರ ಬೇರೆ ಇದೆ. ಒಂದು ಇಲಾಖೆಯ ಊರೂ ಇನ್ನೊಂದು ಇಲಾಖೆಯ ಊರೂ ಒಂದೇ ಎಂದು ಯಂತ್ರಕ್ಕೆ ತಿಳಿಯಬೇಕಾದರೆ ಪ್ರತಿ ಗ್ರಾಮಕ್ಕೆ ಒಂದೇ ಸಂಖ್ಯೆ ಎಲ್ಲ ಕಡೆ ಇರಬೇಕು. ಕೇಂದ್ರದ ಸ್ಥಳೀಯ ಸಂಸ್ಥೆಗಳ ಕೋಶದಲ್ಲಿ ಅಂಥ ಸಂಖ್ಯೆ ಇದೆ. ಎಲ್ಲ ಇಲಾಖೆಗಳೂ ಅದನ್ನೇ ಬಳಸುವುದು ಬಾಕಿ. ಗ್ರಾಮವಾದ ಮೇಲೆ ಸರ್ವೆ ನಂಬರ್, ಅದಾದ ಮೇಲೆ ‘ಸರ್ನಾಕ್’, ಆಮೇಲೆ ಹಿಸ್ಸಾ. ಸರ್ನಾಕ್ ಎಂಬಲ್ಲಿ ಬಹಳಷ್ಟು ಸಲ ಒಂದು ನಕ್ಷತ್ರದ ಗುರುತಷ್ಟೇ ಇರುತ್ತದೆ. ಅದೇನೆಂದು ಕಂದಾಯ ಇಲಾಖೆಯಲ್ಲಿ ಪಳಗಿದವರಿಗೆ ಗೊತ್ತು, ಆ ಹುಡುಗರಿಗೆ ತಿಳಿಸುವವರಾರು? ಪಹಣಿಯ 9ನೇ ಕಾಲಂನಲ್ಲಿ ಮಾಲೀಕರು, 11ರಲ್ಲಿ ಹಕ್ಕು ಮತ್ತು ಋಣ, 12ರಲ್ಲಿ ಬೆಳೆ. ವಿಸ್ತೀರ್ಣ ಎಕರೆ-ಗುಂಟೆಯಲ್ಲಿ, ನಲವತ್ತು ಗುಂಟೆಗೆ ಒಂದು ಎಕರೆ. ಎಂದರೆ ಅಲ್ಲಿ ಕಾಣುವ ಅಂಕಿಯನ್ನು ದಶಮಾಂಶ ಎಂದು ಓದಿದ ಸಾಫ್ಟ್‌ವೇರ್ ರೈತನ ಹೊಲವನ್ನೇ ತಪ್ಪಾಗಿ ಅಳೆಯುತ್ತದೆ. ಗಡಿಯಾಚೆ ಜತ್ತ ತಾಲ್ಲೂಕಿನಲ್ಲೂ ಅದೇ ರೈತನಿಗೆ ಜಮೀನಿದ್ದರೆ ಅಲ್ಲಿಯ ಸಾತ್‌ಬಾರಾ ಉತಾರ ಹೆಕ್ಟೇರ್-ಆರ್ ಲೆಕ್ಕದ್ದು. ಇಷ್ಟನ್ನೂ ವಿವರಿಸುವ ಹತ್ತು ಪುಟದ ಕೈಪಿಡಿ, ಕಾಲ್ಪನಿಕ ಹೆಸರುಗಳಿರುವ ಒಂದು ಗ್ರಾಮದ ಪರೀಕ್ಷಾ ಪಹಣಿಗಳು, ಯಂತ್ರವೇ ಕೇಳಿ ಯಂತ್ರವೇ ಉತ್ತರ ಪಡೆಯುವ ಎಪಿಐ ಎಂಬ ದಾರಿ, ಇವು ಮೂರನ್ನು ಆ ವಿದ್ಯಾರ್ಥಿಗಳ ಮುಂದೆ ಇಟ್ಟರೆ ಒಂದು ಸೆಮಿಸ್ಟರ್‌ನಲ್ಲಿ ಕೆಲಸ ಕುದುರಬಹುದು. ಇಲ್ಲದಿದ್ದರೆ ಆ ಸೆಮಿಸ್ಟರ್ ನಕ್ಷತ್ರದ ಅರ್ಥ ಹುಡುಕುವುದರಲ್ಲೇ ಮುಗಿಯುತ್ತದೆ, ಮತ್ತು ಅವರು ಇನ್ನೊಂದು ಆಹಾರ ವಿತರಣೆಯ ಆ್ಯಪ್‌ನ ನಕಲು ಮಾಡಿ ಅಂಕ ಪಡೆಯುತ್ತಾರೆ.

ಬಾಗಿಲು ಎಲ್ಲಿ ತೆರೆದಿದೆಯೋ ಅಲ್ಲಿ ಕೆಲಸವಾಗಿದೆ ಎನ್ನುವುದನ್ನೂ ಹೇಳಬೇಕು. ಬ್ಯಾಂಕುಗಳು ಭೂಮಿ ಮತ್ತು ಫ್ರೂಟ್ಸ್ ಜೊತೆ ಗಣಕದಿಂದ ಗಣಕಕ್ಕೇ ಮಾತಾಡುತ್ತವೆ. ಬೆಳೆಸಾಲದ ಋಣ ಪಹಣಿಯಲ್ಲಿ ದಾಖಲಾಗಲು ರೈತ ಕಾಗದ ಹಿಡಿದು ಅಲೆಯುವುದು ಇದರಿಂದ ತಗ್ಗಿತು. ರೈತರ ದಾಖಲೆಗಳನ್ನು ಜೋಡಿಸುವ ಕೇಂದ್ರದ ‘ಅಗ್ರಿಸ್ಟ್ಯಾಕ್’ ರೂಪಿಸುವವರ ಮುಂದೆ ಕರ್ನಾಟಕದ ಅನುಭವವೂ ಇತ್ತು; 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಒಳಗೊಂಡ 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಮಿಷನ್‌ಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಆದರೆ ಬ್ಯಾಂಕಿಗೆ ತೆರೆದ ಬಾಗಿಲು ಸಣ್ಣ ಡೆವಲಪರ್‌ಗೆ ತೆರೆದಿಲ್ಲ. ದೊಡ್ಡವರಿಗೆ ಒಪ್ಪಂದ, ಸಣ್ಣವರಿಗೆ ಕಾಯುವಿಕೆ ಎಂಬ ಪದ್ಧತಿ ಇರುವವರೆಗೆ ದೊಡ್ಡವರಿಗೆ ಬೇಕಾದ ಆ್ಯಪ್‌ಗಳೇ ಬರುತ್ತವೆ. ಸಾಲ ಕೊಡುವವನಿಗೆ ಅನುಕೂಲವಾದದ್ದು ಮೊದಲು ಬಂತು, ಸಾಲಗಾರನಿಗೆ ಅನುಕೂಲವಾಗುವುದು ಇನ್ನೂ ಬಂದಿಲ್ಲ.

ಗಡಿಭಾಗಕ್ಕೆ ಅತಿ ಹತ್ತಿರದ ವಿಷಯ ಕಬ್ಬು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಡಿ ರಸ್ತೆಗಿಳಿದರು, ಅಥಣಿ ಚಿಕ್ಕೋಡಿವರೆಗೂ ಅದರ ಕಾವು ಹರಡಿತು, ಕೊನೆಗೆ 3,300ಕ್ಕೆ ಸರ್ಕಾರ ತೀರ್ಮಾನಿಸಿತು. ಆ ಹೋರಾಟದ ಹಿಂದೆ ಬೆಲೆಯ ಜೊತೆಗೆ ಹಳೆಯದೊಂದು ಅನುಮಾನವೂ ಇತ್ತು: ಕಾಟಾದ ಮೇಲೆ ತೂಕ ಸರಿಯೇ, ಇಳುವರಿ ಹೇಳಿದಷ್ಟೇ? ಈ ಅನುಮಾನವನ್ನು ಅಂಕಿಗಳಿಂದ ನೋಡೋಣ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ದರ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ ಶೇ 0.1ರಷ್ಟು ಏರಿದಂತೆಲ್ಲ 3 ರೂಪಾಯಿ 46 ಪೈಸೆ ಹೆಚ್ಚು. ಅಂದರೆ ನೂರು ಟನ್ ಕಬ್ಬು ಕಳಿಸಿದ ರೈತನಿಗೆ ಇಳುವರಿಯ ದಶಮಾಂಶದಲ್ಲಿ ಒಂದಂಕಿ ಆಚೀಚೆಯಾದರೆ 3,460 ರೂಪಾಯಿ ವ್ಯತ್ಯಾಸ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಂದಾಯವಾಗಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಮೂರು ಲಕ್ಷದ ಬಿಲ್ ಗಡುವು ಮೀರಿ ಒಂದು ತಿಂಗಳು ನಿಂತರೆ ಸುಮಾರು 3,700 ರೂಪಾಯಿ ಬಡ್ಡಿ ರೈತನಿಗೆ ಸೇರಬೇಕು. ಕಾನೂನು ಇದೆ, ಸೂತ್ರ ಇದೆ, ಗುಣಾಕಾರ ಮಾಡುವುದು ಯಾವ ಫೋನಿಗೂ ಕಷ್ಟವಲ್ಲ. ಬೇಕಾದದ್ದು ಕಾರ್ಖಾನೆವಾರು ಇಳುವರಿ, ಬೆಲೆ, ಬಾಕಿ, ರೈತನ ಸ್ವಂತ ತೂಕದ ಚೀಟಿಯ ವಿವರ, ಇವು ಯಂತ್ರಕ್ಕೆ ಅರ್ಥವಾಗುವ ರೂಪದಲ್ಲಿ ದಿನದಿನ ಸಿಗುವುದು. ಅಷ್ಟು ಸಿಕ್ಕಿದರೆ ಬಡ್ಡಿ ಲೆಕ್ಕದ ಆ್ಯಪ್ ಬರೆಯಲು ಯಾರೂ ಸಹಾಯಧನ ಕೇಳುವುದಿಲ್ಲ. ರೈತ ಸಂಘಟನೆಗಳೇ ಬರೆಸಿಕೊಳ್ಳುತ್ತವೆ.

ಮಳೆಯದೂ ಇದೇ ಮಾತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಹಾಕಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಅಳತೆ ಕಳಿಸುವಂಥವು. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಇರುವ ರಾಜ್ಯಗಳು ವಿರಳ. ದ್ರಾಕ್ಷಿ, ದಾಳಿಂಬೆಯಂಥ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದೇ ಇಂಥ ಅಳತೆಯಿಂದ. ತನ್ನ ಊರಿನ ಮಾಪಕ ಇವತ್ತು ಎಷ್ಟು ತೋರಿಸಿತು, ಅದು ಕೆಟ್ಟಿದೆಯೇ ಎಂದು ಬೆಳೆಗಾರನಿಗೆ ದಿನವೂ ತಿಳಿಯುತ್ತಿದ್ದರೆ ವರ್ಷದ ಕೊನೆಗೆ ಜಗಳವಾಗುವುದು ಎಷ್ಟೋ ಕಡಿಮೆಯಾಗುತ್ತದೆ. ಕೃಷ್ಣೆಯ ದಂಡೆಯಲ್ಲಿ 2019 ಮತ್ತು 2021ರ ನೆರೆ ಕಂಡವರಿಗೆ ಮಹಾರಾಷ್ಟ್ರದ ಕೊಯ್ನಾ ಜಲಾಶಯ ಮತ್ತು ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದೇ ಮಳೆಗಾಲದ ಮುಖ್ಯ ಸುದ್ದಿ. ಅದು ಪತ್ರಿಕೆಯ ಮೂಲೆಯಲ್ಲಿ, ವಾಟ್ಸ್‌ಆ್ಯಪ್‌ನ ಫಾರ್ವರ್ಡ್‌ನಲ್ಲಿ ಸಿಗುತ್ತದೆ. ಕುಡಚಿಯ, ಯಡೂರಿನ ಮನೆಯೊಂದಕ್ಕೆ ರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಕೊಡಬೇಕಾದರೆ ಆ ಅಂಕಿ ನಿಂತ ಜಾಗದಿಂದ ಯಂತ್ರವೇ ಎತ್ತಿಕೊಳ್ಳುವಂತಿರಬೇಕು.

ಮಾಹಿತಿ ತೆರೆಯಿರಿ ಎಂದ ಕೂಡಲೇ ಏಳುವ ಮೊದಲ ಆಕ್ಷೇಪ ಖಾಸಗಿತನದ್ದು, ಅದನ್ನು ಹಗುರವಾಗಿ ನೋಡುವಂತಿಲ್ಲ. ಯಾರಿಗೆ ಎಷ್ಟು ಜಮೀನಿದೆ, ಎಷ್ಟು ಸಾಲವಿದೆ ಎಂಬ ಪಟ್ಟಿ ಭೂ ದಲ್ಲಾಳಿಗಳ ಕೈಗೆ ಸಿಕ್ಕಿದರೆ ಏನಾಗುತ್ತದೆಂದು ಊಹಿಸಬಹುದು. ಡೆವಲಪರ್‌ಗಳನ್ನು ಸೆಳೆಯುವ ಉಮೇದಿನಲ್ಲಿ ಫೇಸ್‌ಬುಕ್ ಒಂದು ಕಾಲಕ್ಕೆ ಬಳಕೆದಾರರ ಸ್ನೇಹಿತರ ಮಾಹಿತಿಯನ್ನೂ ಆ್ಯಪ್‌ಗಳಿಗೆ ಬಿಟ್ಟುಕೊಟ್ಟಿತ್ತು. ಸುಮಾರು ಎರಡೂಮುಕ್ಕಾಲು ಲಕ್ಷ ಜನ ಹಾಕಿಕೊಂಡ ಒಂದು ಆ್ಯಪ್‌ನಿಂದ 8.7 ಕೋಟಿ ಜನರ ವಿವರ ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಸಂಸ್ಥೆಯ ಕೈಗೆ ಹೋದದ್ದು 2018ರಲ್ಲಿ ಬಯಲಾಯಿತು. ನಮ್ಮ ಬೆಂಗಳೂರಿನಲ್ಲೇ 2022ರಲ್ಲಿ ಚಿಲುಮೆ ಸಂಸ್ಥೆ ಮತದಾರರ ಮಾಹಿತಿ ಸಂಗ್ರಹಿಸಿದ ಪ್ರಕರಣ ಎಲ್ಲರಿಗೂ ನೆನಪಿದೆ. ಆದರೆ ಎರಡನೆಯದನ್ನು ಗಮನಿಸಿ: ಅಲ್ಲಿ ಆದದ್ದು ನಿಯಮ ಬರೆದು ಎಲ್ಲರಿಗೂ ತೆರೆದ ಬಾಗಿಲಿನಿಂದಲ್ಲ, ಅನುಮತಿ ಪತ್ರದ ಹಿಂಬಾಗಿಲಿನಿಂದ. ಮುಂಬಾಗಿಲು ಇಲ್ಲದ ಕಡೆ ಹಿಂಬಾಗಿಲು ಇದ್ದೇ ಇರುತ್ತದೆ.

ಹಾಗಾಗಿ ಮಾಹಿತಿಯನ್ನು ಎರಡಾಗಿ ನೋಡಬೇಕು. ಮಳೆಯ ಅಳತೆ, ನದಿಯ ಹರಿವು, ಕಾರ್ಖಾನೆಯ ಇಳುವರಿ ಮತ್ತು ಬಾಕಿ, ಮಾರುಕಟ್ಟೆ ದರ, ವಿಮೆಯ ಕೊನೆಯ ದಿನ, ಇವು ಯಾರೊಬ್ಬರ ಗುಟ್ಟೂ ಅಲ್ಲ. ಯಾರ ಅನುಮತಿಯೂ ಇಲ್ಲದೆ ನಾಳೆಯೇ ತೆರೆಯಬಹುದಾದವು. ಪಹಣಿ, ಸಾಲ, ಬೆಳೆ, ತೂಕದ ಚೀಟಿ ರೈತನವು. ಅವನು ತನ್ನ ಫೋನಿನಲ್ಲಿ ಒಪ್ಪಿದರೆ ಮಾತ್ರ, ಒಪ್ಪಿದ ಉದ್ದೇಶಕ್ಕೆ, ಒಪ್ಪಿದ ಅವಧಿಗೆ ಸಿಗಬೇಕು. ಇದು ಕನಸಿನ ಮಾತಲ್ಲ. ಬ್ಯಾಂಕ್ ಖಾತೆಗಳ ಮಾಹಿತಿಯನ್ನು ಗ್ರಾಹಕನ ಒಪ್ಪಿಗೆಯಿಂದ ಹಂಚುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ ರೂಪಿಸಿದ್ದು, 2021ರಿಂದ ಅದು ಓಡುತ್ತಿದೆ. ವಿದ್ಯಾರ್ಥಿಗಳ ಅಂಕಪಟ್ಟಿಯಂಥ ದಾಖಲೆಗೆ ರಾಜ್ಯವೇ ‘ಇ-ಸಹಮತಿ’ ರೂಪಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನೂ ಕೊಟ್ಟಿದೆ. ಒಪ್ಪಿಗೆಯ ಮಾತನ್ನು ಅನಂತಪುರದ ರೈತ ಓದಿ ತಿಳಿಯುವ ಕನ್ನಡದಲ್ಲಿ, ಮರಾಠಿ ಮಾತಾಡುವವನಿಗೆ ಮರಾಠಿಯಲ್ಲಿ ಬರೆಯಬೇಕು. ಇಂಗ್ಲಿಷಿನ ಹತ್ತು ಪುಟಕ್ಕೆ ಒತ್ತಿಸಿಕೊಂಡ ಬೆರಳನ್ನು ಒಪ್ಪಿಗೆ ಎನ್ನಲಾಗದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎಲ್ಲರಿಗೂ ತೆರೆದ ಯುಪಿಐನಲ್ಲಿ ಕೊನೆಗೆ ಉಳಿದವರು ಯಾರು? ವಹಿವಾಟಿನ ಸಂಖ್ಯೆಯಲ್ಲಿ ಐದರಲ್ಲಿ ನಾಲ್ಕು ಪಾಲು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳದ್ದು. ಒಂದೊಂದರ ಪಾಲು ಶೇ 30 ಮೀರಬಾರದು ಎಂಬ ನಿಯಮದ ಗಡುವನ್ನು ಮುಂದೂಡುತ್ತಲೇ ಬಂದು ಈಗ 2026ರ ಕೊನೆಗೆ ತಂದು ನಿಲ್ಲಿಸಿದ್ದಾರೆ. ಇದನ್ನು ಒಪ್ಪಿಕೊಳ್ಳಲೇಬೇಕು. ಬಾಗಿಲು ತೆರೆದರಷ್ಟೇ ಸಣ್ಣವರು ಉಳಿಯುತ್ತಾರೆ ಎನ್ನಲಾಗದು. ಪಾವತಿಗೆ ವರ್ತಕರಿಂದ ಶುಲ್ಕ ಪಡೆಯುವುದನ್ನು 2020ರಿಂದ ನಿಲ್ಲಿಸಿದ್ದರಿಂದ ನಷ್ಟ ತಡೆದುಕೊಳ್ಳಬಲ್ಲ ದೊಡ್ಡವರಿಗೇ ಅನುಕೂಲವಾಯಿತು ಎಂಬ ವಾದದಲ್ಲಿ ಹುರುಳಿದೆ. ಪಾಠ ಇಷ್ಟೇ: ಪಾಲಿನ ಮಿತಿ, ಸಣ್ಣ ಶುಲ್ಕದ ಅವಕಾಶ, ರೈತ ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ತನ್ನ ಮಾಹಿತಿಯನ್ನೂ ಜೊತೆಗೊಯ್ಯುವ ಹಕ್ಕು, ಇವನ್ನು ಮೊದಲ ದಿನವೇ ಬರೆಯಬೇಕು. ದೊಡ್ಡವರು ಬೆಳೆದ ಮೇಲೆ ಬರೆದ ನಿಯಮ ಜಾರಿಯಾಗುವುದಿಲ್ಲ. ಗೂಗಲ್ ತನ್ನ ಪ್ಲೇ ಸ್ಟೋರ್‌ನಲ್ಲಿ ತನ್ನದೇ ಪಾವತಿ ವ್ಯವಸ್ಥೆಯನ್ನು ಹೇರಿದ್ದಕ್ಕೆ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ 936 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು 216 ಕೋಟಿಗೆ ಇಳಿಯಿತು. 2024ರ ಫೆಬ್ರುವರಿಯಲ್ಲಿ ಫೋನ್‌ಪೇ ತಂದ ‘ಇಂಡಸ್ ಆ್ಯಪ್‌ಸ್ಟೋರ್’ ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಬಂತು, ಮೊದಲ ವರ್ಷ ಡೆವಲಪರ್‌ಗಳಿಂದ ನೋಂದಣಿ ಶುಲ್ಕವಿಲ್ಲ, ಯಾರ ಪಾವತಿ ವ್ಯವಸ್ಥೆಯನ್ನಾದರೂ ಬಳಸಬಹುದು ಎಂದಿತು. ಡೆವಲಪರ್‌ಗಳಿಗೆ ಬೇಕಾದದ್ದು ಏನೆಂದು ಅರಿತು ಇಟ್ಟ ಹೆಜ್ಜೆ ಅದು. ಹೀಗಿದ್ದೂ ಫೋನಿನಲ್ಲಿ ಮೊದಲೇ ಕೂತಿರುವ ಅಂಗಡಿಯನ್ನು ಅಲ್ಲಾಡಿಸುವುದು ಎಷ್ಟು ಕಷ್ಟ ಎಂಬುದು ಕಣ್ಣ ಮುಂದಿದೆ.

ಸಣ್ಣ ಮಾರುಕಟ್ಟೆಗೆ ಯಾರು ಬರುತ್ತಾರೆ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಬೆಂಗಳೂರಿನ ಆಟೊ ಚಾಲಕರ ‘ನಮ್ಮ ಯಾತ್ರಿ’ 2022ರಲ್ಲಿ ಮುಕ್ತ ನಿಯಮಾವಳಿಯ ಮೇಲೆ ಶುರುವಾಗಿ, ಪ್ರತಿ ಸವಾರಿಗೆ ಕಮಿಷನ್ ತೆಗೆಯದೆ ದಿನಕ್ಕೆ 25 ರೂಪಾಯಿಯ ಚಂದಾದಲ್ಲಿ ನಡೆದು ತೋರಿಸಿತು. ಬೆಳಗಾವಿ ಜಿಲ್ಲೆಯ ಕಬ್ಬು ಬೆಳೆಗಾರರ ಸಂಖ್ಯೆ, ಅವರ ಹಂಗಾಮಿನ ವಹಿವಾಟು ಆಟೊ ಚಾಲಕರದ್ದಕ್ಕಿಂತ ಸಣ್ಣದಲ್ಲ. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳನ್ನು ಸೇರಿಸಿ ಭೌಗೋಳಿಕ ಸೂಚಕ ಸಿಕ್ಕಿದೆ. ಯಾವ ಚಪ್ಪಲಿ ನಿಜವಾಗಿ ಅಲ್ಲಿಯದು ಎಂದು ಕೊಳ್ಳುವವನಿಗೆ ತೋರಿಸುವ ಆ್ಯಪ್‌ಗೂ ಇದೇ ಬಗೆಯ ನೆಲ ಬೇಕು. ಮಾರುಕಟ್ಟೆ ಇದೆ. ಅದನ್ನು ತಲುಪುವ ಖರ್ಚು ಇಳಿಯಬೇಕು.

ಇಲಾಖೆಗಳ ಒಳಗಿನಿಂದ ಬರುವ ಆಕ್ಷೇಪ ಬೇರೆ: ಯಾರೋ ತಪ್ಪು ಆ್ಯಪ್ ಮಾಡಿ ರೈತ ಮೋಸಹೋದರೆ ನಮ್ಮನ್ನು ಕೇಳುತ್ತಾರೆ. ಈ ಭಯ ನ್ಯಾಯವಾದದ್ದು. ಆದರೆ ಇವತ್ತು ಸರ್ಕಾರಿ ಆ್ಯಪ್‌ನ ಹೆಸರಿನಲ್ಲೇ ನಕಲಿ ಆ್ಯಪ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿವೆ, ಅಸಲಿ ಯಾವುದೆಂದು ತಿಳಿಯುವುದು ರೈತನಿಗೆ ಕಷ್ಟ. ನೋಂದಾಯಿತ ಡೆವಲಪರ್‌ಗಳ ಪಟ್ಟಿ, ಪ್ರತಿಯೊಬ್ಬರಿಗೂ ಗುರುತಿನ ಕೀಲಿ, ತಪ್ಪಿದರೆ ಆ ಕೀಲಿ ರದ್ದು, ಇಷ್ಟು ಇದ್ದರೆ ಇಲಾಖೆಗೆ ಈಗಿನದಕ್ಕಿಂತ ಹೆಚ್ಚು ಹಿಡಿತ ಸಿಗುತ್ತದೆ, ಕಡಿಮೆಯಲ್ಲ. ಮುಕ್ತ ಎಪಿಐಗಳ ಕುರಿತ ಕೇಂದ್ರದ ನೀತಿ 2015ರಷ್ಟು ಹಳೆಯದು; ಹೊಸದಾಗಿ ಕಾನೂನು ಹುಡುಕಬೇಕಾದ ಅಗತ್ಯವಿಲ್ಲ. ಇಲಾಖೆಗಳು ಕೊಡಬೇಕಾದ ಅತಿ ದೊಡ್ಡ ಭರವಸೆ ಒಂದೇ: ಇವತ್ತು ಕೊಟ್ಟ ದಾರಿಯನ್ನು ನಾಳೆ ಹೇಳದೆ ಕೇಳದೆ ಮುಚ್ಚುವುದಿಲ್ಲ. ಟ್ವಿಟರ್ 2023ರಲ್ಲಿ ತನ್ನ ಎಪಿಐ ಅನ್ನು ರಾತ್ರೋರಾತ್ರಿ ದುಬಾರಿ ಮಾಡಿದಾಗ ವರ್ಷಗಟ್ಟಲೆ ಅದರ ಮೇಲೆ ಕೆಲಸ ಮಾಡಿದ್ದವರ ಆ್ಯಪ್‌ಗಳು ನಿಂತುಹೋದವು. ಬದಲಾವಣೆ ಬೇಕಾದಾಗ ಒಂದು ವರ್ಷ ಮೊದಲು ತಿಳಿಸುತ್ತೇವೆ, ಹಳೆಯದನ್ನೂ ಅಲ್ಲಿಯವರೆಗೆ ಓಡಿಸುತ್ತೇವೆ ಎಂದು ಸರ್ಕಾರಿ ಆದೇಶದಲ್ಲೇ ಬರೆದುಕೊಟ್ಟರೆ ಅದರ ಬೆಲೆ ನೂರು ಹ್ಯಾಕಥಾನ್‌ಗಳಿಗಿಂತ ಹೆಚ್ಚು.

ಎಲ್ಲವನ್ನೂ ಒಮ್ಮೆಗೇ ಮಾಡಿ ಎಂದು ಕೇಳುತ್ತಿಲ್ಲ. ಕಬ್ಬಿನಿಂದ ಶುರುಮಾಡಲಿ, ಏಕೆಂದರೆ ಅದರಲ್ಲಿ ಗುಟ್ಟಿನ ಮಾಹಿತಿ ಕಡಿಮೆ, ನೋವು ಹೆಚ್ಚು. ಬರುವ ಹಂಗಾಮಿಗೆ ಕಾರ್ಖಾನೆಗಳ ಗಾಣ ತಿರುಗುವ ಮೊದಲು ಕಬ್ಬು ಅಭಿವೃದ್ಧಿ ಆಯುಕ್ತರ ಕಚೇರಿ ರಾಜ್ಯದ ಪ್ರತಿ ಕಾರ್ಖಾನೆಯ ಇಳುವರಿ, ಘೋಷಿತ ದರ, ನುರಿಸಿದ ಪ್ರಮಾಣ, ಬಾಕಿ, ಇವನ್ನು ಯಂತ್ರ ಓದುವ ರೂಪದಲ್ಲಿ ವಾರಕ್ಕೊಮ್ಮೆಯಾದರೂ ಪ್ರಕಟಿಸಲಿ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಕನ್ನಡದಲ್ಲಿ ಕೈಪಿಡಿ ಬರೆಯಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದೇ ಬೆಳಗಾವಿಯಲ್ಲಿದೆ, ಅದರ ಕಾಲೇಜುಗಳ ಅಂತಿಮ ವರ್ಷದ ಯೋಜನೆಗಳಿಗೆ ಇದನ್ನು ಕೊಡಲಿ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ಶಾಸಕರು ಬೆಲೆಯ ಜೊತೆಗೆ ಈ ಅಂಕಿಗಳನ್ನೂ ಬೆಳಗಾವಿ ಅಧಿವೇಶನದಲ್ಲಿ ಕೇಳಲಿ, ಕೇಳುವಂತೆ ರೈತರು ಅವರಿಗೆ ಹೇಳಲಿ.